ತೊಲೋಲಿಂಗ್: ನೇರವಾಗಿ ಹತ್ತುವುದನ್ನು ಬಿಟ್ಟು ಬೇರೆ ದಾರಿಯೇ ಇರಲಿಲ್ಲವೇ?

ಮಲೆನಾಡಿನ ಮಳೆ
ಕಳೆದ ವಾರ ಲೇಹ್‌ನಿಂದ ಶ್ರೀನಗರಕ್ಕೆ ಬರುವಾಗ ದ್ರಾಸ್‌ನ ಕಾರ್ಗಿಲ್ ಯುದ್ಧ ಸ್ಮಾರಕದಲ್ಲಿ ಇಳಿದಿದ್ದೆವು. ಹೆದ್ದಾರಿಯ ಪಕ್ಕದಲ್ಲೇ ಸ್ಮಾರಕ, ಅದರ ಬೆನ್ನಿಗೇ ತೊಲೋಲಿಂಗ್ ಗುಡ್ಡ. 1999ರಲ್ಲಿ ಪಾಕಿಸ್ತಾನದವರು ಹತ್ತಿ ಕುಳಿತಿದ್ದು, ನಮ್ಮವರು ಕೆಳಗಿನಿಂದ ಹತ್ತಿ ಬಿಡಿಸಿಕೊಂಡದ್ದು ಇದನ್ನೇ. ಹೆಸರು ಕೆತ್ತಿದ ಗೋಡೆಯ ಬಳಿ ಜವಾನರೊಬ್ಬರು ಕೈ ಚಾಚಿ ಒಂದೊಂದೇ ಶಿಖರವನ್ನು ತೋರಿಸುತ್ತಿದ್ದರು. ಮರವಿಲ್ಲ, ಪೊದೆಯಿಲ್ಲ, ಬರೀ ಕಲ್ಲು. ಮೇಲೆ ಕುಳಿತವನಿಗೆ ರಸ್ತೆಯ ಮೇಲಿನ ಲಾರಿ ಅಂಗೈ ಮೇಲಿನ ಇರುವೆಯಂತೆ ಕಾಣುತ್ತಿರಬೇಕು.

ಎಲ್ಲವನ್ನೂ ಕೇಳಿಸಿಕೊಂಡ ನಮ್ಮ ಅತ್ತೆ ಬಸ್ಸಿಗೆ ಬಂದ ಮೇಲೆ ಒಂದು ಪ್ರಶ್ನೆ ಕೇಳಿದರು. "ಮೇಲೆ ಹತ್ತಿ ಕುಳಿತವರಿಗೆ ಅನ್ನ ನೀರು ಹೋಗದಂತೆ ತಡೆದಿದ್ದರೆ ತಾವಾಗಿಯೇ ಇಳಿದು ಬರುತ್ತಿದ್ದರಲ್ಲ? ಮಕ್ಕಳನ್ನು ಗುಂಡಿಗೆ ಎದುರಾಗಿ ಯಾಕೆ ಹತ್ತಿಸಿದರು?" ಸೋನಮಾರ್ಗ್ ಬರುವವರೆಗೂ ನನಗೆ ಉತ್ತರ ಹೊಳೆಯಲಿಲ್ಲ. ಇಲ್ಲಿ ತಿಳಿದವರಿದ್ದೀರಿ, ಹೇಳಿ. ದೇಶಭಕ್ತಿಯ ಭಾಷಣ ಬೇಡ. ಅತ್ತೆಗೆ ಒಪ್ಪಿಗೆಯಾಗುವಂಥ ಉತ್ತರ ಬೇಕು.

ಪ್ರಶ್ನೆ ಪರಮೇಶಿ
ಅತ್ತೆಯವರನ್ನೇ ಸೇನೆಯ ಸಲಹೆಗಾರರನ್ನಾಗಿ ಮಾಡಬೇಕು.

ಚಾರಣಿಗ
ವಿಕ್ರಮ್ ಬಾತ್ರಾ ಗೆದ್ದ ಗುಡ್ಡವೇ ಅಲ್ಲವೇ ಇದು? ಅಲ್ಲಿಗೆ ಹಿಂದಿನಿಂದ, ಕಡಿದಾದ ಬದಿಯಿಂದ ಹಗ್ಗ ಹಾಕಿ ಹತ್ತಿದರು ಎಂದು ಓದಿದ ನೆನಪು.

ನಕ್ಷೆಹುಚ್ಚ
ಚಾರಣಿಗರೇ, ಎರಡು ಮೂರು ಗುಡ್ಡಗಳನ್ನು ಕಲಸಿಬಿಟ್ಟಿದ್ದೀರಿ. ಬಾತ್ರಾ ಅವರ 13 ಜಮ್ಮು ಮತ್ತು ಕಾಶ್ಮೀರ ರೈಫಲ್ಸ್ ಗೆದ್ದದ್ದು ಪಾಯಿಂಟ್ 5140 ಎಂಬ ಶಿಖರವನ್ನು, ಜೂನ್ 20ರಂದು. ಅವರು ವೀರಮರಣ ಹೊಂದಿದ್ದು ಜುಲೈನಲ್ಲಿ, ಪಾಯಿಂಟ್ 4875ರಲ್ಲಿ. ಹಗ್ಗ ಹಾಕಿ ಕಡಿದಾದ ಬದಿಯಿಂದ ಹತ್ತಿದ ಪ್ರಸಿದ್ಧ ಪ್ರಸಂಗ ಟೈಗರ್ ಹಿಲ್‌ನದು, 18 ಗ್ರೆನೇಡಿಯರ್ಸ್ ಬೆಟಾಲಿಯನ್ ಮಾಡಿದ್ದು, ಜುಲೈ 4.

ತೊಲೋಲಿಂಗ್ ಇವೆಲ್ಲಕ್ಕಿಂತ ಮೊದಲು. 18 ಗ್ರೆನೇಡಿಯರ್ಸ್ ಮೇ 22ರ ಸುಮಾರಿಗೆ ಹತ್ತತೊಡಗಿದರು. ಮೇಜರ್ ರಾಜೇಶ್ ಅಧಿಕಾರಿ ಮೇ ಕೊನೆಯಲ್ಲಿ ಹತರಾದರು. ಜೂನ್ 2ರಂದು ಬೆಟಾಲಿಯನ್ನಿನ ಎರಡನೆಯ ಸ್ಥಾನದಲ್ಲಿದ್ದ ಲೆಫ್ಟಿನೆಂಟ್ ಕರ್ನಲ್ ವಿಶ್ವನಾಥನ್ ಕೂಡ. ಆಮೇಲೆ 2 ರಜಪುತಾನಾ ರೈಫಲ್ಸ್ ಬಂದು ಜೂನ್ 12ರ ರಾತ್ರಿ ದಾಳಿ ಮಾಡಿ 13ರ ಬೆಳಗಿನೊಳಗೆ ಗೆದ್ದಿತು. ಹೆಚ್ಚೂಕಡಿಮೆ ಮೂರು ವಾರ, ಒಂದೇ ಗುಡ್ಡಕ್ಕೆ.

ಸೈನಿಕಶಾಲೆ ಹಳಬ
2 ರಜಪುತಾನಾ ರೈಫಲ್ಸ್‌ನ ಕಮಾಂಡಿಂಗ್ ಆಫೀಸರ್ ಯಾರು ಎಂಬುದನ್ನು ಯಾರೂ ಹೇಳಲಿಲ್ಲವಲ್ಲ! ಲೆಫ್ಟಿನೆಂಟ್ ಕರ್ನಲ್ ಎಂ.ಬಿ. ರವೀಂದ್ರನಾಥ್. ಕನ್ನಡಿಗರು, ನಮ್ಮ ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು. ವೀರ ಚಕ್ರ ಪಡೆದರು. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಪತ್ರಿಕೆಗಳಲ್ಲಿ ಎರಡು ದಿನ ಸುದ್ದಿಯಾಯಿತು, ಮುಗಿಯಿತು. ಬಾತ್ರಾ ಹೆಸರು ಮಕ್ಕಳಿಗೂ ಗೊತ್ತು, ಇವರ ಹೆಸರು ನಮ್ಮ ಜಿಲ್ಲೆಯ ದೊಡ್ಡವರಿಗೇ ಗೊತ್ತಿಲ್ಲ. ನನಗೆ ಅದೊಂದು ಹೊಟ್ಟೆಯುರಿ ಇದೆ, ಮುಚ್ಚಿಡುವುದಿಲ್ಲ.

ಮಲೆನಾಡಿನ ಮಳೆ
ನಿಜ ಹೇಳುತ್ತೇನೆ, ನನಗೂ ಗೊತ್ತಿರಲಿಲ್ಲ. ಆ ಗೋಡೆಯ ಮುಂದೆ ಅರ್ಧ ಗಂಟೆ ನಿಂತು ಬಂದಿದ್ದೇನೆ, ಆದರೂ.

ಗನ್ನರ್ ಬೆಳಗಾವಿ
ಅಮ್ಮನವರ ಪ್ರಶ್ನೆಗೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ನಾನು ಯುದ್ಧದಲ್ಲಿ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ನಂತರ ಆ ಕಡೆಯ ಒಂದು ಪೋಸ್ಟಿನಲ್ಲಿ ಇದ್ದೆ. ನಾನು ಫಿರಂಗಿ ದಳದವನು. ಆದರೂ ಗುಡ್ಡದ ಮೇಲೆ ಯಾಕಿದ್ದೆ ಎಂದರೆ, ಗುಂಡು ಎಲ್ಲಿ ಬಿತ್ತು ಎಂದು ಕಣ್ಣಲ್ಲಿ ನೋಡಿ ರೇಡಿಯೊದಲ್ಲಿ ತಿದ್ದುವವರು ಇನ್‌ಫೆಂಟ್ರಿಯ, ಅಂದರೆ ಕಾಲಾಳು ದಳದ, ಜೊತೆ ಮೇಲೆಯೇ ಇರಬೇಕು. ತೋಪು ಕೆಳಗೆ, ಕಣ್ಣು ಮೇಲೆ.

ಕಾಯುವ ಮಾತಿಗೆ ಬರೋಣ. ಶ್ರೀನಗರಕ್ಕೂ ದ್ರಾಸ್‌ಗೂ ನಡುವಿನ ಝೋಜಿಲಾ ಕಣಿವೆದಾರಿ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಬಿಡುತ್ತಿತ್ತು. ಲಡಾಖಿನ ಜನ, ಲೇಹ್‌ನಲ್ಲಿರುವ ಸೇನೆ, ಸಿಯಾಚಿನ್‌ನಲ್ಲಿರುವವರು, ಎಲ್ಲರ ಚಳಿಗಾಲದ ಅಕ್ಕಿ, ಬೇಳೆ, ಸೀಮೆಎಣ್ಣೆ, ಮದ್ದುಗುಂಡು ದಾರಿ ತೆರೆದಿರುವ ಕೆಲವೇ ತಿಂಗಳಲ್ಲಿ ಹೋಗಬೇಕಿತ್ತು. ಬಹುಪಾಲು ಹೋಗುತ್ತಿದ್ದದ್ದು ಈ ದ್ರಾಸ್ ರಸ್ತೆಯಲ್ಲಿ. ತೊಲೋಲಿಂಗ್ ಮೇಲೆ ಕುಳಿತವನು ಆ ರಸ್ತೆಯನ್ನು ನೋಡುತ್ತಾನೆ, ನೋಡಿ ಹಿಂದಿನ ತನ್ನ ಫಿರಂಗಿಗೆ ಹೇಳುತ್ತಾನೆ. ಅಂದರೆ ಮುತ್ತಿಗೆ ಹಾಕುವವರು ನಾವು ಎಂದುಕೊಂಡರೆ ತಪ್ಪು. ನಿಜವಾಗಿ ಮುತ್ತಿಗೆಯಲ್ಲಿದ್ದದ್ದು ಲೇಹ್. ಹಸಿವಿಗೆ ಹೆದರಬೇಕಾದವರು ನಾವು.

ಇನ್ನು ಅವರಿಗೆ ಅನ್ನ ನೀರು ಬರುತ್ತಿದ್ದದ್ದು ಹಿಂದಿನ ಏಣುಗಳ ಮೇಲಿನಿಂದ, ಗಡಿ ನಿಯಂತ್ರಣ ರೇಖೆಯ ಆಚೆಯಿಂದ. ರೇಖೆ ದಾಟಬಾರದು ಎಂದು ನಮ್ಮ ಸರ್ಕಾರದ ಕಟ್ಟಪ್ಪಣೆ. ರೇಖೆಯ ಈಚೆಗೇ ಅವರ ಬೆನ್ನ ಹಿಂದೆ ಹೋಗಿ ಕೂರಬೇಕೆಂದರೆ ಅಲ್ಲಿಯ ಇನ್ನೊಂದು ಗುಡ್ಡವನ್ನು ಗೆಲ್ಲಬೇಕು. ಅದನ್ನೂ ಕೆಳಗಿನಿಂದಲೇ ಹತ್ತಬೇಕು.

ಮಲೆನಾಡಿನ ಮಳೆ
ಮುತ್ತಿಗೆಯಲ್ಲಿದ್ದದ್ದು ಲೇಹ್ ಎಂಬ ಮಾತನ್ನು ಅತ್ತೆಗೆ ಓದಿ ಹೇಳಿದೆ. "ಹೌದಾ" ಎಂದರು. ಅವರ ಮಟ್ಟಿಗೆ ಅದು ದೊಡ್ಡ ಒಪ್ಪಿಗೆ.

ಪ್ರಶ್ನೆ ಪರಮೇಶಿ
ನನಗೆ ಒಪ್ಪಿಗೆಯಾಗಲಿಲ್ಲ. ಗುಡ್ಡ ಹತ್ತಲೇಬೇಕಿತ್ತು, ಸರಿ. ಆದರೆ ಮೊದಲ ಎರಡು ವಾರ ಹತ್ತಿಸಿದ ರೀತಿ? ಮೇಲೆ ಹತ್ತಿಪ್ಪತ್ತು ಉಗ್ರರಿದ್ದಾರೆ, ಓಡಿಸಿ ಬನ್ನಿ ಎಂಬಂತೆ ಕಳಿಸಿದರು. ಮೇಲಿದ್ದವರು ಪಾಕಿಸ್ತಾನದ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಸೈನಿಕರು, ಕಲ್ಲಿನ ಬಂಕರ್ ಕಟ್ಟಿ, ಮೆಷಿನ್ ಗನ್ ಇಟ್ಟುಕೊಂಡು ಕುಳಿತಿದ್ದರು. ಸಾಕಷ್ಟು ಫಿರಂಗಿಯ ಬೆಂಬಲವಿಲ್ಲದೆ ಆ ಬೋಳು ಗುಡ್ಡದ ಮೇಲೆ ಹುಡುಗರನ್ನು ಕಳಿಸಿದ್ದು ತಪ್ಪು. ತಪ್ಪನ್ನು ತಪ್ಪು ಎಂದರೆ ಸೈನಿಕರಿಗೆ ಅವಮಾನವಾಗುವುದಿಲ್ಲ. ತಪ್ಪಿನ ಮೇಲೆ ಹೂಮಾಲೆ ಹಾಕಿದರೆ ಆಗುತ್ತದೆ.

ದುಬೈ ಕನ್ನಡಿಗ
ಎಸಿ ಕೋಣೆಯಲ್ಲಿ ಕುಳಿತು 25 ವರ್ಷದ ನಂತರ ಹೇಳುವುದು ಸುಲಭ, ಪರಮೇಶಿಯವರೇ.

ಪ್ರಶ್ನೆ ಪರಮೇಶಿ
ದುಬೈಯಲ್ಲಿ ಕುಳಿತವರು ಎಸಿಯ ಮಾತನ್ನು ಎತ್ತಬಾರದು.

ನಕ್ಷೆಹುಚ್ಚ
ಪರಮೇಶಿಯವರ ಮಾತಿನಲ್ಲಿ ಹುರುಳಿದೆ. ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಿಶೀಲನಾ ಸಮಿತಿಯೇ ಗುಪ್ತಚರ ವ್ಯವಸ್ಥೆಯ ಕೊರತೆಗಳನ್ನು ಎತ್ತಿ ತೋರಿಸಿತು. ಮೇ ಆರಂಭದಲ್ಲಿ ಬಟಾಲಿಕ್ ಕಡೆ ಕುರಿಗಾಹಿಗಳ ಕಣ್ಣಿಗೆ ಬಿದ್ದ ಮೇಲೆಯೇ ವಿಷಯ ಹೊರಬಂದದ್ದು. ಎಷ್ಟು ಜನ, ಯಾರು, ಎಲ್ಲೆಲ್ಲಿ ಎಂಬುದು ಗೊತ್ತಾಗಿದ್ದು ಮೆಲ್ಲಮೆಲ್ಲಗೆ, ಅದೂ ರಕ್ತ ಕೊಟ್ಟು.

ಇನ್ನೊಂದು. ಮೇ 28ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಇದೇ ತೊಲೋಲಿಂಗ್ ಮೇಲೆ ರಾಕೆಟ್ ದಾಳಿ ಮಾಡಲು ಹೋಗಿ ಸ್ಟಿಂಗರ್ ಕ್ಷಿಪಣಿಗೆ ಸಿಕ್ಕಿತು. ಒಳಗಿದ್ದ ನಾಲ್ವರೂ ಹತರಾದರು. ಹೆಲಿಕಾಪ್ಟರ್‌ಗಳನ್ನು ಆ ಕೆಲಸದಿಂದ ಹಿಂದಕ್ಕೆ ತೆಗೆದುಕೊಂಡರು. ಹೆಲಿಕಾಪ್ಟರಿನಿಂದ ಸಹಾಯ ಬರುತ್ತದೆ ಎಂಬ ಆಸೆಯೂ ಹಾಗೆ ಕೈಬಿಟ್ಟಿತು.

ಸೈನಿಕಶಾಲೆ ಹಳಬ
ಆದರೆ ಮೊದಲ ದಾಳಿ "ವ್ಯರ್ಥ" ಎಂದು ಬರೆಯಬೇಡಿ ದಯವಿಟ್ಟು. ಗ್ರೆನೇಡಿಯರ್ಸ್ ಶಿಖರವನ್ನು ಮುಟ್ಟಲಿಲ್ಲ, ನಿಜ. ಕೆಳಗೂ ಇಳಿಯಲಿಲ್ಲ! ಶಿಖರದ ಕೆಳಗೆ ಬಂಡೆಗಳ ಮರೆಯಲ್ಲಿ ಕಚ್ಚಿಕೊಂಡು ಕುಳಿತರು. 2 ರಜಪುತಾನಾ ರೈಫಲ್ಸ್ ಕೊನೆಯ ದಾಳಿಗೆ ಕಾಲಿಟ್ಟದ್ದು ಅವರು ಹಿಡಿದಿಟ್ಟ ಆ ಜಾಗದಿಂದಲೇ. ಅಷ್ಟು ದೂರ ಮತ್ತೆ ಮೊದಲಿನಿಂದ ಹೋರಾಡಿ ಹತ್ತಬೇಕಾಗಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ಅದೇ ಬೆಟಾಲಿಯನ್ ಮೂರು ವಾರದ ನಂತರ ಟೈಗರ್ ಹಿಲ್ ಗೆದ್ದಿತು ಎಂಬುದನ್ನೂ ನೆನಪಿಡಿ.

ಪ್ರಶ್ನೆ ಪರಮೇಶಿ
"ವ್ಯರ್ಥ" ಎಂದು ನಾನು ಬರೆದಿಲ್ಲ. ಮೇಲೆ ಹೋಗಿ ಓದಿ.

ಸೈನಿಕಶಾಲೆ ಹಳಬ
ಓದಿದೆ. ಬರೆದಿಲ್ಲ. ಕ್ಷಮೆ ಇರಲಿ.

ಚಾರಣಿಗ
ಎತ್ತರದ ಲೆಕ್ಕ ಹಾಕುತ್ತಿದ್ದೆ. ದ್ರಾಸ್ ಸುಮಾರು 3,280 ಮೀಟರ್. ತೊಲೋಲಿಂಗ್ ನೆತ್ತಿಯ ಪಕ್ಕದ ಪಾಯಿಂಟ್ 4590 ಎಂದರೆ 4,590 ಮೀಟರ್. ವ್ಯತ್ಯಾಸ ಸುಮಾರು 1,300 ಮೀಟರ್. ನಮ್ಮ ಕುಮಾರಪರ್ವತವನ್ನು ಕುಕ್ಕೆಯಿಂದ ಹತ್ತಿದರೆ ಅದಕ್ಕಿಂತ ಹೆಚ್ಚೇ ಏರುತ್ತೇವೆ. ಹಾಗೆ ನೋಡಿದರೆ ತೀರಾ ಅಸಾಧ್ಯವಾದ ಏರಲ್ಲ.

ಗನ್ನರ್ ಬೆಳಗಾವಿ
ಚಾರಣಿಗರೇ, ಕುಮಾರಪರ್ವತದಲ್ಲಿ ಗಿರಿಗದ್ದೆಯಲ್ಲಿ ಕುಳಿತು ಅನ್ನ ಸಾರು ಉಂಡು, ಮಜ್ಜಿಗೆ ಕುಡಿದು ಮುಂದೆ ಹೋಗುತ್ತೀರಿ. ಅಲ್ಲಿಯ ಗಾಳಿ ಹೊಟ್ಟೆ ತುಂಬ ಸಿಗುವ ಗಾಳಿ.

ನಾನು ಮೊದಲ ಸಲ ಪೋಸ್ಟಿಗೆ ಹತ್ತಿದ್ದು ನೆನಪಿದೆ. ಬೆನ್ನಿಗೆ ಚೀಲ, ಕೈಯಲ್ಲಿ ಸೀಮೆಎಣ್ಣೆಯ ಜೆರ್ರಿಕ್ಯಾನ್. ಇಪ್ಪತ್ತು ಹೆಜ್ಜೆ ಎಣಿಸುವುದು, ನಿಲ್ಲುವುದು. ಸ್ವಲ್ಪ ಮೇಲೆ ಹೋದ ಮೇಲೆ ಹನ್ನೆರಡು ಹೆಜ್ಜೆ. ಆಮೇಲೆ ಎಣಿಸುವುದನ್ನೇ ಬಿಟ್ಟೆ, ಮುಂದಿನವನ ಬೂಟಿನ ಹಿಮ್ಮಡಿ ಎತ್ತಿದರೆ ನನ್ನದೂ ಎತ್ತುವುದು. ತಲೆಯೊಳಗೆ ಯಾರೋ ಒನಕೆಯಿಂದ ಕುಟ್ಟಿದ ಹಾಗೆ. ಅದೂ ಪೂರ್ತಿ ಹವೆಗೆ ಹೊಂದಿಕೊಂಡ ಮೇಲೆ. ನಿಯಮದ ಪ್ರಕಾರ 9,000 ಅಡಿಯಿಂದ 12,000 ಅಡಿಯವರೆಗೆ ಆರು ದಿನ, ಅಲ್ಲಿಂದ 15,000ದವರೆಗೆ ನಾಲ್ಕು ದಿನ, ಅದರ ಮೇಲೆ ಇನ್ನೂ ನಾಲ್ಕು ದಿನ ತಡೆದು ತಡೆದು ಹತ್ತಿಸುತ್ತಾರೆ. ಕಾಶ್ಮೀರ ಕಣಿವೆಯಲ್ಲಿ ಉಗ್ರರನ್ನು ಹುಡುಕುತ್ತಿದ್ದ ಬೆಟಾಲಿಯನ್ನುಗಳನ್ನು ಮೇ ತಿಂಗಳಲ್ಲಿ ಎತ್ತಿ ದ್ರಾಸ್‌ಗೆ ತಂದಾಗ ಇಷ್ಟೆಲ್ಲ ಸಾವಕಾಶ ಎಲ್ಲಿತ್ತು?

ಸದ್ದಿನ ಮಾತನ್ನೂ ಹೇಳುತ್ತೇನೆ. ಅಲ್ಲಿ ಮಣ್ಣಿಲ್ಲ, ಸಡಿಲ ಕಲ್ಲು. ರಾತ್ರಿ ಒಬ್ಬ ಕಾಲು ಜಾರಿಸಿದರೆ ಕಲ್ಲು ಉರುಳುವ ಸದ್ದು ಇಡೀ ಕಣಿವೆಗೆ ಕೇಳುತ್ತದೆ. ನಾವು ಶಾಂತಿಕಾಲದಲ್ಲಿ ನೀರು ತರಲು ಹೋಗಿ ಕಲ್ಲು ಉರುಳಿಸಿದರೂ ಹವಾಲ್ದಾರರು ಬೈಯುತ್ತಿದ್ದರು. ಮೇಲೆ ಮೆಷಿನ್ ಗನ್ ಇರುವಾಗ ಆ ಸದ್ದು ಮಾಡಿದವನ ಎದೆ ಹೇಗಾಗಿರಬೇಕು ಎಂದು ಆಗೆಲ್ಲ ಯೋಚಿಸುತ್ತಿದ್ದೆ.

ಚಾರಣಿಗ
ಕುಮಾರಪರ್ವತದ ಹೋಲಿಕೆಯನ್ನು ವಾಪಸ್ ತೆಗೆದುಕೊಂಡೆ, ಗನ್ನರ್ ಸರ್.

ಕೋಲಾರದ ಕುಳ್ಳ
ಗುಡ್ಡ ಹತ್ತಿ ಗೆಲ್ಲುವ ಕತೆ ನಮ್ಮ ಕಡೆಗೂ ಹೊಸದಲ್ಲ. ನಂದಿದುರ್ಗವನ್ನು ಕಾರ್ನ್‌ವಾಲಿಸನ ಸೇನೆ 1791ರ ಅಕ್ಟೋಬರಿನಲ್ಲಿ ಹೀಗೆಯೇ ಹಿಡಿದದ್ದು. ಕಡಿದಾದ ಬಂಡೆ, ಮೇಲೆ ಟಿಪ್ಪುವಿನ ಕಾವಲು ಪಡೆ. ಮೊದಲು ತೋಪುಗಳನ್ನು ಇಳಿಜಾರಿನಲ್ಲಿ ಎಳೆದು ಮೇಲೆ ತಂದರು. ದಿನಗಟ್ಟಲೆ ಹೊಡೆದು ಗೋಡೆಯಲ್ಲಿ ಬಿರುಕು ಮಾಡಿದರು. ಆಮೇಲೆ ರಾತ್ರಿ ಬೆಳದಿಂಗಳಲ್ಲಿ ನುಗ್ಗಿದರು. ಡಿಸೆಂಬರಿನಲ್ಲಿ ಸಾವನದುರ್ಗವೂ ಹೋಯಿತು. ಈಗ ಭಾನುವಾರ ಬೆಳಿಗ್ಗೆ ಅದೇ ನಂದಿಯಲ್ಲಿ ಕಾರುಗಳ ಮುತ್ತಿಗೆ, ಅದನ್ನು ಬಿಡಿಸಲು ಯಾರೂ ಬರುವುದಿಲ್ಲ.

ದುಬೈ ಕನ್ನಡಿಗ
ವಿಷಯ ಎಲ್ಲಿಂದ ಎಲ್ಲಿಗೆ! ನಂದಿಯಲ್ಲಿ ಈಗಲೂ ಆ ಬಿರುಕು ಕಾಣುತ್ತದೆಯೇ?

ಗನ್ನರ್ ಬೆಳಗಾವಿ
ಕುಳ್ಳರು ಗೊತ್ತಿಲ್ಲದೆ ಸರಿಯಾದ ಜಾಗಕ್ಕೇ ಬಂದಿದ್ದಾರೆ. ಮೊದಲು ತೋಪು, ಆಮೇಲೆ ಕಾಲಾಳು. ತೊಲೋಲಿಂಗ್‌ನಲ್ಲಿ ಮೇ ತಿಂಗಳಿಗೂ ಜೂನ್ 12ಕ್ಕೂ ಇದ್ದ ವ್ಯತ್ಯಾಸ ಅದೇ. ಜೂನ್ ಹೊತ್ತಿಗೆ ನೂರಕ್ಕೂ ಹೆಚ್ಚು ತೋಪುಗಳನ್ನು ಒಂದೇ ಗುರಿಯ ಮೇಲೆ ತಿರುಗಿಸಿದ್ದರು. ಅದರಲ್ಲಿ ಬೋಫೋರ್ಸ್ ಕೂಡ. ಹೌದು, ಖರೀದಿಯ ಲಂಚದ ಆರೋಪಕ್ಕೆ ಸಂಸತ್ತಿನಲ್ಲಿ ಹತ್ತು ವರ್ಷ ಬೈಸಿಕೊಂಡ ಅದೇ ಬೋಫೋರ್ಸ್. ಸಾಮಾನ್ಯವಾಗಿ ತೋಪು ಗುಡ್ಡದ ಮರೆಯಿಂದ, ಗುರಿಯನ್ನು ನೋಡದೆ ಲೆಕ್ಕದ ಮೇಲೆ ಹೊಡೆಯುತ್ತದೆ. ಕಾರ್ಗಿಲ್‌ನಲ್ಲಿ ರಸ್ತೆಬದಿಗೇ ತಂದು ನಿಲ್ಲಿಸಿ, ಕಣ್ಣಿಗೆ ಕಾಣುವ ಬಂಕರಿಗೆ ಬಂದೂಕಿನಂತೆ ನೇರ ಗುರಿಯಿಟ್ಟು ಹೊಡೆದರು. ಹಾಗೆ ನಿಂತ ತೋಪು ಶತ್ರುವಿನ ಕಣ್ಣಿಗೂ ಬೀಳುತ್ತದೆ, ಅಲ್ಲಿಂದಲೂ ಗುಂಡು ಬರುತ್ತದೆ. ಅಲ್ಲಿಯ ಗಾಳಿ ತೆಳು, ಗುಂಡು ಹೆಚ್ಚು ದೂರ ಹಾರುತ್ತದೆ. ಬಯಲಿನಲ್ಲಿ ಕಲಿತ ಲೆಕ್ಕ ಅಲ್ಲಿ ನಡೆಯುವುದಿಲ್ಲ, ತಿದ್ದಿಕೊಳ್ಳಬೇಕು.

ಇಷ್ಟಾಗಿಯೂ ತೋಪು ಗುಡ್ಡವನ್ನು ಗೆಲ್ಲುವುದಿಲ್ಲ. ಅದರ ಕೆಲಸ ಮೇಲಿದ್ದವನ ತಲೆ ಎತ್ತಲು ಬಿಡದಿರುವುದು. ನಮ್ಮವರು ಹತ್ತಿರ ಹೋದ ಕೂಡಲೇ ತೋಪು ನಿಲ್ಲಿಸಬೇಕು, ಇಲ್ಲದಿದ್ದರೆ ನಮ್ಮವರ ಮೇಲೆಯೇ ಬೀಳುತ್ತದೆ. ನಿಂತ ಕ್ಷಣದಿಂದ ಅವನು ತಲೆ ಎತ್ತುವ ಕ್ಷಣದವರೆಗೆ ಎಷ್ಟು ಉಸಿರು ಸಿಗುತ್ತದೋ ಅಷ್ಟರಲ್ಲಿ ಬಂಕರ್ ಮುಟ್ಟಬೇಕು. 15,000 ಅಡಿಯಲ್ಲಿ, ಏರಿನಲ್ಲಿ, ಓಡಿ. ಫಿರಂಗಿಯವನಾಗಿ ಹೇಳುತ್ತೇನೆ: ಆ ಕೊನೆಯ ನೂರು ಮೀಟರ್ ನಮ್ಮದಲ್ಲ, ಇನ್‌ಫೆಂಟ್ರಿಯದು.

ಸೈನಿಕಶಾಲೆ ಹಳಬ
ರವೀಂದ್ರನಾಥ್ ಅವರ ಬೆಟಾಲಿಯನ್ ಮಾಡಿದ ಇನ್ನೊಂದು ಕೆಲಸವನ್ನು ಯಾರೂ ಎತ್ತಿ ಹೇಳುವುದಿಲ್ಲ. ಬಂದ ಕೂಡಲೇ ನುಗ್ಗಲಿಲ್ಲ. ಅಕ್ಕಪಕ್ಕದ ಅಂಥದೇ ಏಣುಗಳ ಮೇಲೆ ದಾಳಿಯ ಅಭ್ಯಾಸ ಮಾಡಿದರು. ಎದುರಿನ ಗುಡ್ಡವನ್ನು ದುರ್ಬೀನಿನಲ್ಲಿ ನೋಡಿ ನೋಡಿ ಯಾವ ಬಂಡೆಯ ಹಿಂದೆ ಯಾವ ಬಂಕರ್ ಎಂದು ಗುರುತಿಟ್ಟುಕೊಂಡರು. ಮೇಜರ್ ವಿವೇಕ್ ಗುಪ್ತ ಆ ರಾತ್ರಿಯ ಹೋರಾಟದಲ್ಲಿ ಹತರಾದರು, ಮಹಾವೀರ ಚಕ್ರ. ನಾಯಕ್ ದಿಗೇಂದ್ರ ಕುಮಾರ್ ಗುಂಡೇಟು ತಿಂದೂ ಬದುಕಿ ಬಂದರು, ಅವರಿಗೂ ಮಹಾವೀರ ಚಕ್ರ. ಪರಮೇಶಿಯವರು ಕೇಳುವ "ಸರಿಯಾದ ರೀತಿ" ಇದೇ ಎಂದುಕೊಳ್ಳುತ್ತೇನೆ.

ಪ್ರಶ್ನೆ ಪರಮೇಶಿ
ಇದೇ. ನಾನು ಬೆಳಗ್ಗೆಯಿಂದ ಹೇಳುತ್ತಿರುವುದೂ ಇದನ್ನೇ. ಗುಡ್ಡ ಅದೇ, ಶತ್ರು ಅವನೇ, ಧೈರ್ಯವೂ ಎರಡೂ ಬೆಟಾಲಿಯನ್ನಿಗೆ ಸಮನಾಗಿಯೇ ಇತ್ತು. ಬದಲಾದದ್ದು ತಯಾರಿ. ಹಾಗಾದರೆ ಮೊದಲ ಸಲ ತಯಾರಿಗೆ ಸಮಯ ಕೊಡದವರು ಯಾರು ಎಂದು ಕೇಳಬಾರದೇ?

ದುಬೈ ಕನ್ನಡಿಗ
ಕೇಳಿ. ಆದರೆ ಆಗ ಕಾದಿದ್ದರೆ "ರಸ್ತೆಯ ಮೇಲೆ ಗುಂಡು ಬೀಳುತ್ತಿದ್ದರೂ ಸೇನೆ ಕೈಕಟ್ಟಿ ಕುಳಿತಿತ್ತು" ಎಂದು ಇದೇ ಜಾಗದಲ್ಲಿ ಬರೆಯುತ್ತಿದ್ದಿರಿ.

ಪ್ರಶ್ನೆ ಪರಮೇಶಿ
ಬರೆಯುತ್ತಿದ್ದೆನೇನೋ. ಅದೂ ನಿಜ.

ನಕ್ಷೆಹುಚ್ಚ
ಬೆಳದಿಂಗಳ ಮಾತು ಬಂದದ್ದಕ್ಕೆ ಒಂದು ಸಂಗತಿ. 1999ರ ಪಂಚಾಂಗ ತೆರೆದು ನೋಡಿ. ಜೂನ್ 13 ಅಮಾವಾಸ್ಯೆ. ಅಂದರೆ ತೊಲೋಲಿಂಗ್ ದಾಳಿ ನಡೆದದ್ದು ಚಂದ್ರನೇ ಇಲ್ಲದ ರಾತ್ರಿ. ಜೂನ್ 28 ಹುಣ್ಣಿಮೆ. ಅದೇ 2 ರಜಪುತಾನಾ ರೈಫಲ್ಸ್ ಆ ಹುಣ್ಣಿಮೆಯ ರಾತ್ರಿ ಥ್ರೀ ಪಿಂಪಲ್ಸ್ ಎಂಬ ಗುಡ್ಡಗಳ ಮೇಲೆ ದಾಳಿಗೆ ಹೊರಟಿತು. ಮೇಜರ್ ಪದ್ಮಪಾಣಿ ಆಚಾರ್ಯ, ಕ್ಯಾಪ್ಟನ್ ವಿಜಯಂತ್ ಥಾಪರ್, ಬರಿಗಾಲಲ್ಲಿ ಬಂಡೆ ಹತ್ತಿದ ನಾಗಾಲ್ಯಾಂಡಿನ ಕ್ಯಾಪ್ಟನ್ ಕೆಂಗುರುಸೆ, ಮೂವರೂ ಆ ಒಂದೇ ದಾಳಿಯಲ್ಲಿ ಹೋದರು. ಥಾಪರ್‌ಗೆ ಆಗ 22 ವರ್ಷ. ಬೋಳು ಗುಡ್ಡದ ಮೇಲೆ ಹುಣ್ಣಿಮೆ ಎಂದರೆ ಏನು ಎಂದು ಗನ್ನರ್ ಸರ್ ಹೇಳಬೇಕು.

ಗನ್ನರ್ ಬೆಳಗಾವಿ
ಹಿಮವಿದ್ದರೆ ಪತ್ರಿಕೆ ಓದಬಹುದು. ಬಂಡೆಯ ಮೇಲೆ ನಮ್ಮದೇ ನೆರಳು ಕಪ್ಪಗೆ ಬೀಳುತ್ತದೆ.

ಕೋಲಾರದ ಕುಳ್ಳ
ಪಂಚಾಂಗದವರು ಶುಭಕಾರ್ಯಕ್ಕೆ ಅಮಾವಾಸ್ಯೆ ಬೇಡ ಎನ್ನುತ್ತಾರೆ. ಅಲ್ಲಿ ಅಮಾವಾಸ್ಯೆಯೇ ಕಾಪಾಡಿತು.

ಚಾರಣಿಗ
ಒಂದು ಸಣ್ಣ ಅನುಮಾನ. ಪಾಯಿಂಟ್ 5140, ಪಾಯಿಂಟ್ 4875 ಎಂದರೆ ಮೀಟರ್. ಆದರೆ ಕಾರ್ಗಿಲ್ ಬಳಿ ಪಾಯಿಂಟ್ 13620 ಎಂದು ಓದಿದ್ದೇನೆ. ಅದು ಎವರೆಸ್ಟಿಗಿಂತ ಎತ್ತರವಾಯಿತಲ್ಲ?

ನಕ್ಷೆಹುಚ್ಚ
ಇದಕ್ಕೇ ಕಾಯುತ್ತಿದ್ದೆ! ಅದು ಅಡಿ. ಹಳೆಯ ನಕ್ಷೆಗಳಲ್ಲಿ ಎತ್ತರ ಅಡಿಯಲ್ಲಿತ್ತು, ಆಮೇಲೆ ಮೀಟರಿಗೆ ಬಂದರು. ಹೆಸರಿಲ್ಲದ ಶಿಖರಕ್ಕೆ ಅದರ ಎತ್ತರವೇ ಹೆಸರು. ಹಾಗಾಗಿ ಹೆಸರು ನೋಡಿದರೇ ಯಾವ ಕಾಲದ ಯುದ್ಧ ಎಂದು ಅಂದಾಜು ಮಾಡಬಹುದು. 13,620 ಅಡಿ ಎಂದರೆ ಸುಮಾರು 4,150 ಮೀಟರ್.

ಈ ಪಾಯಿಂಟ್ 13620 ಇದೆಯಲ್ಲ, ಅದರ ಕತೆ ತೊಲೋಲಿಂಗ್‌ಗಿಂತ ಹೊಟ್ಟೆಯುರಿಸುವಂಥದ್ದು. ಕಾರ್ಗಿಲ್ ಪಟ್ಟಣವನ್ನೂ ಲೇಹ್ ರಸ್ತೆಯನ್ನೂ ಮೇಲಿನಿಂದ ನೋಡುವ ಗುಡ್ಡ. 1965ರ ಮೇ 17ರಂದು 4 ರಜಪೂತ್ ಗೆದ್ದಿತು, ಮೇಜರ್ ಬಲ್ಜಿತ್ ಸಿಂಗ್ ರಾಂಧಾವಾ ಪ್ರಾಣ ಕೊಟ್ಟರು. ವಿಶ್ವಸಂಸ್ಥೆಯ ಭರವಸೆಯ ಮೇಲೆ ಬಿಟ್ಟುಕೊಟ್ಟೆವು. ಅದೇ ಆಗಸ್ಟಿನಲ್ಲಿ ಮತ್ತೆ ಗೆದ್ದೆವು. ಆ ಯುದ್ಧದ ನಂತರದ 1966ರ ತಾಷ್ಕೆಂಟ್ ಶಾಂತಿ ಒಪ್ಪಂದವಾದ ಮೇಲೆ ಮತ್ತೆ ಕೊಟ್ಟೆವು. 1971ರ ಡಿಸೆಂಬರಿನಲ್ಲಿ ಮೂರನೆಯ ಸಲ ಗೆದ್ದೆವು. ಆಗ ಉಳಿಸಿಕೊಂಡೆವು.

ದುಬೈ ಕನ್ನಡಿಗ
ಹಾಜಿ ಪೀರ್ ಕಣಿವೆದಾರಿ ಕೂಡ ಹಾಗೆಯೇ ಅಲ್ಲವೇ? 1965ರ ಆಗಸ್ಟ್ 28ರಂದು ಮೇಜರ್ ರಂಜಿತ್ ಸಿಂಗ್ ದಯಾಳ್ ಗೆದ್ದರು, ತಾಷ್ಕೆಂಟ್‌ನಲ್ಲಿ ಮೇಜಿನ ಮೇಲೆ ಹೋಯಿತು. ಅದಕ್ಕೇ ಹೇಳುವುದು, ಸೈನಿಕ ಗೆದ್ದದ್ದನ್ನು ರಾಜಕಾರಣಿ ಕಳೆಯುತ್ತಾನೆ.

ಪ್ರಶ್ನೆ ಪರಮೇಶಿ
ಅಷ್ಟು ಸರಳವಲ್ಲ. ಅದೇ ತಾಷ್ಕೆಂಟ್‌ನಲ್ಲಿ ಅವರು ಹಿಡಿದಿದ್ದ ನಮ್ಮ ಜಾಗಗಳೂ ವಾಪಸ್ ಬಂದವು, ಜಮ್ಮುವಿನ ಛಂಬ್ ಕಡೆಯದು ಸೇರಿ. ಒಂದು ಕೈಯಿಂದ ಕೊಡದೆ ಇನ್ನೊಂದು ಕೈಗೆ ಬರುತ್ತಿತ್ತೇ?

ದುಬೈ ಕನ್ನಡಿಗ
ಹಾಜಿ ಪೀರ್ ಮಾತ್ರ ಕೊಡಬಾರದಿತ್ತು.

ಪ್ರಶ್ನೆ ಪರಮೇಶಿ
ಅದು ನನಗೂ ಹಾಗೆಯೇ ಅನ್ನಿಸುತ್ತದೆ. ಆದರೆ ನಿಮ್ಮ ಕಾರಣಕ್ಕಲ್ಲ.

ನಿರ್ವಾಹಕ
ತಾಷ್ಕೆಂಟ್‌ಗೆ ಬೇರೆ ಎಳೆ ಇದೆ, ನಾನೂರು ಉತ್ತರ ತುಂಬಿ ನಿಂತಿದೆ. ಅಲ್ಲಿ ಮುಂದುವರಿಸಿ. ಇಲ್ಲಿ ತೊಲೋಲಿಂಗ್.

ಕೋಲಾರದ ಕುಳ್ಳ
ನಿರ್ವಾಹಕರೇ, ನಂದಿ ಬೆಟ್ಟಕ್ಕೂ ಬೇರೆ ಎಳೆ ತೆರೆಯಬಹುದೇ?

ಮಲೆನಾಡಿನ ಮಳೆ
ಒಂದು ವಿಷಯ ಕೇಳಬೇಕಿತ್ತು. ಎದುರಿನವರ ಬಗ್ಗೆ ಸ್ಮಾರಕದಲ್ಲಿ ಹೆಚ್ಚು ಮಾತಿಲ್ಲ. ಅವರೂ ಅಷ್ಟೇ ಗಟ್ಟಿಯಾಗಿ ಹೋರಾಡಿದ್ದರಿಂದಲ್ಲವೇ ಮೂರು ವಾರ ಹಿಡಿದದ್ದು? ಹೀಗೆ ಕೇಳಿದರೆ ಯಾರಾದರೂ ಬೈಯುತ್ತೀರೇನೋ.

ಗನ್ನರ್ ಬೆಳಗಾವಿ
ಸೈನಿಕರು ಯಾರೂ ಬೈಯುವುದಿಲ್ಲ. ಟೈಗರ್ ಹಿಲ್‌ನಲ್ಲಿ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಎಂಬ ಪಾಕಿಸ್ತಾನಿ ಅಧಿಕಾರಿ ಪ್ರತಿದಾಳಿ ನಡೆಸಿ ಹತನಾದ. ಕರ್ನಲ್ ಎಂಬುದು ಅವನ ಹೆಸರು, ಹುದ್ದೆಯಲ್ಲ. ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಅವನ ಶವವನ್ನು ಕಳಿಸುವಾಗ, ಈತ ಶೌರ್ಯದಿಂದ ಹೋರಾಡಿದ, ಇವನಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂಬರ್ಥದ ಚೀಟಿ ಬರೆದು ಜೇಬಿನಲ್ಲಿಟ್ಟರು. ಆಮೇಲೆ ಅವನಿಗೆ ಅವರ ದೇಶದ ಅತ್ಯುನ್ನತ ಪದಕ ನಿಶಾನ್-ಎ-ಹೈದರ್ ಸಿಕ್ಕಿತು. ಮೊದಮೊದಲು ಇವರು ನಮ್ಮ ಸೈನಿಕರೇ ಅಲ್ಲ ಎಂದವರೇ ಪದಕ ಕೊಟ್ಟರು ಎಂಬುದು ಬೇರೆ ಮಾತು.

ಸೈನಿಕಶಾಲೆ ಹಳಬ
ಯುದ್ಧ ಮುಗಿದ ಮೇಲೆಯೇ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯನ್ನು ಪಾಕಿಸ್ತಾನ ತನ್ನ ಸೇನೆಯ ಪೂರ್ಣ ರೆಜಿಮೆಂಟ್ ಮಾಡಿದ್ದು. ಗಿಲ್ಗಿಟ್, ಬಾಲ್ಟಿಸ್ತಾನದ ಗುಡ್ಡಗಾಡಿನ ಹುಡುಗರು. ಎತ್ತರ ಅವರಿಗೆ ಹುಟ್ಟಿನಿಂದಲೇ ಅಭ್ಯಾಸ.

ಸುಮಿತ್ರಾ, ಹಾಸನ
ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಎಂದುಕೊಂಡೆ. ನಮ್ಮ ಮನೆಯವರು 1999ರಲ್ಲಿ ಆ ಕಡೆಯಲ್ಲಿದ್ದರು. ಯಾವ ಗುಡ್ಡ ಎಂದು ಆಗ ಗೊತ್ತಿರಲಿಲ್ಲ. ವಿಳಾಸದಲ್ಲಿ ಸೇನೆಯ ಅಂಚೆ ಕಚೇರಿಯ "56 ಎಪಿಒ" ಎಂದಷ್ಟೇ ಇರುತ್ತಿತ್ತು. ಕಾಶ್ಮೀರವಾದರೂ ಅದೇ, ಪಂಜಾಬಾದರೂ ಅದೇ. ಟಿವಿಯಲ್ಲಿ ತೊಲೋಲಿಂಗ್ ಗೆದ್ದರು ಎಂದು ಬಂದಾಗ ನಮ್ಮ ಮಾವ ಅಟ್ಲಾಸ್ ತೆಗೆದು ಹುಡುಕಿದರು. ಅದರಲ್ಲಿ ದ್ರಾಸ್ ಕೂಡ ಇರಲಿಲ್ಲ.

ಗೆದ್ದ ಸುದ್ದಿ ಬಂದ ದಿನ ಬೀದಿಯಲ್ಲಿ ಪಟಾಕಿ ಹೊಡೆದರು. ನಮ್ಮ ಅತ್ತೆ ಕದ ಹಾಕಿಕೊಂಡರು. ಎಷ್ಟು ಜನ ಹೋದರು ಎಂದು ಮೊದಲು ಹೇಳಲಿ, ಆಮೇಲೆ ಗೆದ್ದದ್ದು ಹೇಳಲಿ ಎಂದರು. ನಮ್ಮ ಮನೆಯವರು ತಿರುಗಿ ಬಂದರು, ಈಗ ತೋಟದಲ್ಲಿದ್ದಾರೆ, ಈ ಯಾವ ಚರ್ಚೆಯನ್ನೂ ಓದುವುದಿಲ್ಲ. ಗೆದ್ದ ಗುಡ್ಡದ ಬಗ್ಗೆ ಕೇಳಿದರೆ "ಚಳಿ ಇತ್ತು" ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಆ ಕಾಲದ ಇನ್‌ಲ್ಯಾಂಡ್ ಪತ್ರವೊಂದು ಇರಬೇಕು, ನೋಡಿ ಹೇಳುತ್ತೇನೆ.

ಪ್ರಶ್ನೆ ಪರಮೇಶಿ
ಅಕ್ಕಾ, ಬರೆದಿರಲ್ಲ, ಒಳ್ಳೆಯದಾಯಿತು. ನಾವಿಲ್ಲಿ ನಕ್ಷೆ ಇಟ್ಟುಕೊಂಡು ಜಗಳವಾಡುತ್ತಿದ್ದೆವು.

ಮಲೆನಾಡಿನ ಮಳೆ
ನಿಮ್ಮ ಅತ್ತೆಯವರ ಮಾತನ್ನು ನಮ್ಮ ಅತ್ತೆಗೆ ಓದಿದೆ. ನಿಮ್ಮ ಊರು ಯಾವುದು ಎಂದು ಕೇಳುತ್ತಿದ್ದಾರೆ.

ಚಾರಣಿಗ
ಮುಂದಿನ ಜುಲೈನಲ್ಲಿ ಹೋಗಬೇಕೆಂದಿದ್ದೇನೆ. ಶ್ರೀನಗರದ ಕಡೆಯಿಂದ ಒಂದೇ ದಿನದಲ್ಲಿ ಕಾರ್ಗಿಲ್ ಮುಟ್ಟಬಹುದೇ?

ಗನ್ನರ್ ಬೆಳಗಾವಿ
ಮುಟ್ಟಬಹುದು, ಆದರೆ ದ್ರಾಸ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಸಂಜೆ ಐದರ ನಂತರ ಪ್ರವಾಸಿಗರ ಬಸ್ಸುಗಳು ಹೋದ ಮೇಲೆ ರಸ್ತೆಯಲ್ಲಿ ನಿಂತು ಗುಡ್ಡ ನೋಡಿ. ಬಿಸಿಲು ಕೆಳಗಿನಿಂದ ಮೇಲಕ್ಕೆ ಆರುತ್ತಾ ಹೋಗುತ್ತದೆ, ಕೊನೆಗೆ ನೆತ್ತಿಯಲ್ಲಿ ಮಾತ್ರ ಇರುತ್ತದೆ. ದಾಳಿಗೆ ಹೊರಡುವವರು ಕಾಯುತ್ತಿದ್ದದ್ದು ಆ ಹೊತ್ತು ಮುಗಿಯಲಿ ಎಂದು. ಮತ್ತೆ ಅಲ್ಲಿ ಬೇಳೆ ಬೇಯುವುದಿಲ್ಲ, ಎತ್ತರದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದ ಢಾಬಾದಲ್ಲಿ ದಾಲ್ ಕೇಳಬೇಡಿ.

ಸುಮಿತ್ರಾ, ಹಾಸನ
ಪತ್ರ ಸಿಕ್ಕಿತು. ಜೂನ್ ತಿಂಗಳದು, ತಾರೀಖು ಮಸುಕಾಗಿದೆ. ಯುದ್ಧದ ಬಗ್ಗೆ ಒಂದಕ್ಷರವಿಲ್ಲ. ಹೊಸ ತೆಂಗಿನ ಸಸಿಗೆ ನೀರು ಬಿಡುತ್ತಿದ್ದೀರಾ, ಗುಂಡಿಯ ಸುತ್ತ ಸೊಪ್ಪು ಹಾಕಿಸು, ಸಹಕಾರ ಸಂಘದ ಕಂತು ಕಟ್ಟಲು ಅಪ್ಪನಿಗೆ ನೆನಪಿಸು. ಕೊನೆಯ ಸಾಲು: "ಪೆನ್ನು ಬರೆಯುತ್ತಿಲ್ಲ, ಅದಕ್ಕೇ ಪೆನ್ಸಿಲಿನಲ್ಲಿ ಬರೆದಿದ್ದೇನೆ, ಬೇರೇನೂ ತಿಳಿಯಬೇಡ."

ಗನ್ನರ್ ಬೆಳಗಾವಿ
ಶಾಯಿ ಗಡ್ಡೆ ಕಟ್ಟುತ್ತದೆ, ತಂಗಿ. ನಾವು ರೀಫಿಲ್ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಎರಡು ಸಾಲು ಬರೆಯುವಷ್ಟರಲ್ಲಿ ಮತ್ತೆ ನಿಲ್ಲುತ್ತಿತ್ತು.